ಬಾತುಕೋಳಿ ಬಟನ್

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ದೂರು ಠಾಣೆಗೆ ಬಂತು. ಬಂತು ಅನ್ನುವುದಕ್ಕಿಂತ ನುಗ್ಗಿತು ಅನ್ನುವುದೇ ಸರಿ. ದೂರುದಾರನ ಅಂಗಿಯ ಗುಂಡಿಗಳು ಒಂದರ ಮನೆಯಲ್ಲಿ ಇನ್ನೊಂದು ಕೂತಿದ್ದವು, ಬಾಯಿಂದ ಹೊರಬರುತ್ತಿದ್ದ ಮಾತೂ ಹಾಗೇ ಇತ್ತು. ರೈಟರ್ ಅವನನ್ನು ಬೆಂಚಿನ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಪೆನ್ನು ಕೈಗೆತ್ತಿಕೊಂಡ.

ರೈಟರ್ ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಎಫ್‌ಐಆರ್, ಪಂಚನಾಮೆ, ಹೇಳಿಕೆ ಎಲ್ಲವೂ ಅವನ ಕೈಯಿಂದಲೇ ಹೊರಬೀಳಬೇಕು. ಹಿಂದಿನ ಅಂಗಳದಲ್ಲಿ ನಿಂತ ಜಪ್ತಿ ವಾಹನಗಳ ಕೀಲಿಕೈ ಗೊಂಚಲೂ ಅವನ ಸೊಂಟದಲ್ಲೇ ಜೋತಾಡುತ್ತಿತ್ತು. ಮನೆಯಲ್ಲಿ ಹೆಂಡತಿಯೂ ಅವನನ್ನು ರೈಟ್ರೇ ಎಂದೇ ಕರೆಯುತ್ತಿದ್ದಳು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂಬುದನ್ನು ಅವನು ಈವರೆಗೆ ತನಿಖೆ ಮಾಡಲು ಹೋಗಿರಲಿಲ್ಲ.

"ಮೊದಲಿಂದ ಹೇಳಿ."

"ನಮ್ಮಪ್ಪನ್ನ ಕಾರೊಳಗೆ ಕೂಡಿಹಾಕಿ, ಬಿಸಿಲಲ್ಲಿ ಬೇಯಿಸಿಬಿಟ್ಟ ಸಾರ್."

"ಯಾರು?"

"ನಮ್ಮ ಡ್ರೈವರ್. ಹೋದ ವಾರ ರಜಾ ಕೇಳಿದ, ಕೊಡಲಿಲ್ಲ. ಮುಖ ಊದಿಸ್ಕೊಂಡು ತಿರುಗ್ತಿದ್ದ. ಇವತ್ತು ಸೇಡು ತೀರಿಸ್ಕೊಂಡ."

ದೂರಿನ ತಿರುಳು ಇಷ್ಟು. ದೂರುದಾರನ ತಂದೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಂಡಿ ಸವೆದಿದೆ, ಕಿವಿಗೆ ಮೆಷಿನ್ ಬೇಕು, ಹೃದಯಕ್ಕೆ ಮೂರು ಥರದ ಮಾತ್ರೆ. ಬೆಳಿಗ್ಗೆ ವೈದ್ಯರಿಗೆ ತೋರಿಸಿಕೊಂಡು ಬರುವಾಗ ಡ್ರೈವರ್ ಮೆಡಿಕಲ್ ಶಾಪಿನ ಎದುರು ಕಾರು ನಿಲ್ಲಿಸಿ, ಮೇಷ್ಟ್ರನ್ನು ಹಿಂದಿನ ಸೀಟಿನಲ್ಲೇ ಬಿಟ್ಟು ಇಳಿದ. ಬಾಗಿಲುಗಳೆಲ್ಲ ಲಾಕ್ ಆಗಿದ್ದವು. ಮೊಮ್ಮಗಳು ಓಡಾಡುವ ಕಾರಾದ್ದರಿಂದ ಹಿಂದಿನ ಬಾಗಿಲಿಗೆ ಮಕ್ಕಳ ಲಾಕ್ ಬೇರೆ, ಅದು ಒಳಗಿನಿಂದ ತೆಗೆಯಲು ಬರುವುದಿಲ್ಲ. ಮುಂದಿನ ಸೀಟಿಗೆ ದಾಟಲು ಮೇಷ್ಟ್ರ ಮಂಡಿ ಒಪ್ಪುವುದಿಲ್ಲ. ಮುಕ್ಕಾಲು ಗಂಟೆಯ ಮೇಲೆ ಯಾರೋ ಕಲ್ಲಿನಿಂದ ಗಾಜು ಒಡೆದು ಹೊರಗೆಳೆದಾಗ ಅವರಿಗೆ ಎಚ್ಚರವಿರಲಿಲ್ಲ. ಈಗ ಆಸ್ಪತ್ರೆಯ ತುರ್ತು ಘಟಕದಲ್ಲಿದ್ದಾರೆ.

"ಡ್ರೈವರ್ ಎಲ್ಲಿದ್ದ?"

"ಓಡಿಹೋದ ಸಾರ್! ಕಾರು ನೋಡಿ, ಬಾಗಿಲು ಎಳೆದು ನೋಡಿ, ಓಡಿಹೋದ. ಜನ ನೋಡಿದಾರೆ."

ಇನ್‌ಸ್ಪೆಕ್ಟರ್ ಮೇಡಂ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಎಫ್‌ಐಆರ್ ಮಾಡಿ ರೈಟ್ರೇ. ಸದ್ಯಕ್ಕೆ ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ಅಂತ ಹಾಕಿ. ಮುಂದಿಂದು ಮುಂದೆ ನೋಡೋಣ" ಎಂದು ಟೋಪಿ ಎತ್ತಿಕೊಂಡರು.

ಕಾರು ರಸ್ತೆಯ ಎಡಬದಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಹಿಂದಿನ ಗಾಜು ಸೀಟಿನ ಮೇಲೆ ಪುಡಿಪುಡಿಯಾಗಿ ಬಿದ್ದಿತ್ತು. ಇಬ್ಬರು ಪಂಚರ ಸಮಕ್ಷಮದಲ್ಲಿ ರೈಟರ್ ಸ್ಥಳ ಪಂಚನಾಮೆ ಬರೆದ. ಇಗ್ನಿಷನ್ನಿನಲ್ಲಿ ಕೀಲಿಕೈ ಹಾಗೇ ಇತ್ತು. ಇಂಜಿನ್ ನಿಂತಿತ್ತು. ಎದುರಿನ ಕನ್ನಡಕದ ಅಂಗಡಿಯವನೇ ಗಾಜು ಒಡೆದವನು. ಅವನ ಹೇಳಿಕೆ ತೆಗೆದುಕೊಳ್ಳಲು ಹೋದರೆ ಮನುಷ್ಯ ತಲೆ ಎತ್ತಲೇ ಇಲ್ಲ.

"ನೀವು ಪ್ರಾಣ ಉಳಿಸಿದೋರು. ಯಾಕೆ ಹೀಗೆ ಕೂತಿದೀರಿ?" ಮೇಡಂ ಕೇಳಿದರು.

"ಒಡೆಯೋಕೆ ಮುಂಚೆ ನೋಡಿದ್ದೆ ಮೇಡಂ."

"ಏನು ನೋಡಿದ್ರಿ?"

"ಮೇಷ್ಟ್ರು ಗಾಜಿನ ಹಿಂದಿಂದ ಕೈ ಬೀಸಿದ್ರು. ನಮ್ಮ ಅಂಗಡೀಲೇ ಕನ್ನಡಕ ಮಾಡಿಸೋರು, ಪರಿಚಯ. ನಾನೂ ಕೈ ಬೀಸಿದೆ. ಅವರು ಮತ್ತೆ ಬೀಸಿದ್ರು. ನಾನು ನಕ್ಕು ಮತ್ತೆ ಬೀಸಿದೆ. ಆಮೇಲೆ ಗಿರಾಕಿ ಬಂದ್ರು, ಒಳಗೆ ಹೋದೆ." ಅವನು ಕೌಂಟರಿನ ಮೇಲಿದ್ದ ಮಸೂರವೊಂದನ್ನು ಒರೆಸುತ್ತಲೇ ಇದ್ದ. "ಇದನ್ನೂ ಬರ್ಕೊಳ್ಳಿ. ತಪ್ಪು ನಂದು."

ರೈಟರ್ ಬರೆದುಕೊಂಡ. ಕೈ ಬೀಸಿದ್ದಕ್ಕೆ ಯಾವ ಸೆಕ್ಷನ್ನೂ ಇಲ್ಲವೆಂದು ಹೇಳಿ ಅವನನ್ನು ಸಮಾಧಾನಪಡಿಸೋಣ ಎನ್ನಿಸಿತು, ಆದರೆ ಪೆನ್ನು ಜೇಬಿಗೆ ಸಿಕ್ಕಿಸಿ ಹೊರಟ.

ಡ್ರೈವರನ್ನು ಹುಡುಕುವ ಕಷ್ಟ ಯಾರಿಗೂ ಆಗಲಿಲ್ಲ. ಸಂಜೆ ಐದಕ್ಕೆ ಅವನೇ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದ. ಕೈಯಲ್ಲಿ ಮಾತ್ರೆಯ ಪೊಟ್ಟಣ ಇನ್ನೂ ಇತ್ತು.

"ಯಾಕೆ ಕೂಡಿಹಾಕಿದೆ?" ಮೇಡಂ ನೇರವಾಗಿ ಕೇಳಿದರು.

"ನಾನು ಲಾಕ್ ಮಾಡಲಿಲ್ಲ ಮೇಡಂ. ಎಸಿ ಇರ್ಲಿ ಅಂತ ಇಂಜಿನ್ ಆನ್ ಇಟ್ಟು, ಕೀ ಅಲ್ಲೇ ಬಿಟ್ಟು ಇಳಿದೆ. ಅದು ತಾನೇ ಲಾಕ್ ಆಯ್ತು."

"ಕಾರಿಗೆ ಜೀವ ಬಂತಾ?"

"ಔಷಧಿ ಅಂಗಡೀಲಿ ಜನ ಇದ್ರು. ನಡುವೆ ಹೋಗಿ ಟೀ ಕುಡ್ದೆ. ಅದು ನನ್ನ ತಪ್ಪೇ. ವಾಪಸ್ ಬಂದು ನೋಡಿದ್ರೆ ಯಾವ ಬಾಗಿಲೂ ಬರ್ತಿಲ್ಲ, ಎಸಿ ನಿಂತಿದೆ, ಮೇಷ್ಟ್ರು ಒರಗಿದಾರೆ. ಇನ್ನೊಂದು ಕೀ ತರೋಕೆ ಮನೆಗೆ ಓಡಿದೆ. ಬರೋ ಹೊತ್ತಿಗೆ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು."

"ಗಾಜು ಒಡೀಬೇಕು ಅಂತ ತೋಚಲಿಲ್ವಾ?"

ಡ್ರೈವರ್ ಮಾತ್ರೆಯ ಪೊಟ್ಟಣವನ್ನು ಪಕ್ಕಕ್ಕಿಟ್ಟ. "ತೋಚ್ತು ಮೇಡಂ. ಕಲ್ಲೂ ಎತ್ಕೊಂಡಿದ್ದೆ. ಗಾಜು ಒಡೆದ್ರೆ ಆ ಮನೇಲಿ ಏನಂತಾರೋ ಅಂತ ಕೆಳಗಿಟ್ಟೆ. ಅಲ್ಲಿ ಒಂದು ಲೋಟ ಒಡೆದ್ರೂ ವರ್ಷಗಟ್ಟಲೆ ಮಾತಾಡ್ತಾರೆ." ಅವನು ಮುಖ ಮುಚ್ಚಿಕೊಂಡ. "ಬೆಳಿಗ್ಗೆನೇ ಅನುಮಾನ ಬಂದಿತ್ತು. ಬಾತುಕೋಳಿ ಬಟನ್ ಅಂಟಂಟು ಅಂತಿತ್ತು. ಒತ್ತಿದ್ರೆ ತಡವಾಗಿ ಏಳ್ತಿತ್ತು. ಆಗಲೇ ಹೇಳಬೇಕಿತ್ತು ನಾನು."

"ಯಾವ ಬಾತುಕೋಳಿ?"

"ಬಾತುಕೋಳಿ ಬಟನ್ ಮೇಡಂ."

ಮೇಡಂ ರೈಟರ್ ಕಡೆ ನೋಡಿದರು. ಇಬ್ಬರಿಗೂ ನಗು ಬರುವ ಹೊತ್ತಲ್ಲ ಅದು, ಆದರೂ ಬಂತು. ಆ ನಗು ಡ್ರೈವರನಿಗೆ ಕಾಣಿಸಿತು. ಆಮೇಲೆ ಅವನು ಬಾಯಿ ಬಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಮೇಷ್ಟ್ರ ಮಗಳು ಬಂದಳು. ದೂರುದಾರನಿಗಿಂತ ಚಿಕ್ಕವಳು, ನಲವತ್ತರ ಹತ್ತಿರ, ಹೊಲಿಗೆ ಕಲಿಸುವ ಕೆಲಸ. ಮದುವೆಯಾಗದೆ ತಂದೆಯನ್ನು ನೋಡಿಕೊಂಡು ಮನೆಯಲ್ಲೇ ಇದ್ದವಳು. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಕಣ್ಣು. ಬಲಗೈ ತೋರುಬೆರಳಿಗೆ ಪಟ್ಟಿ ಸುತ್ತಿತ್ತು. ಹೆಗಲಲ್ಲಿ ದೊಡ್ಡ ಬಟ್ಟೆಯ ಚೀಲ.

"ಅಪ್ಪನ ಕಿವಿ ಮೆಷಿನ್ ಕಾರಲ್ಲೇ ಬಿದ್ದಿದೆ ಸಾರ್. ಎಚ್ಚರ ಆದ್ರೆ ಅವರಿಗೇನೂ ಕೇಳಿಸಲ್ಲ. ಗಾಬರಿ ಬೀಳ್ತಾರೆ."

ಜಪ್ತಿಯಾದ ವಾಹನವನ್ನು ಪರೀಕ್ಷೆಗೆ ಮುಂಚೆ ಯಾರೂ ಮುಟ್ಟಬಾರದು. ಅದು ರೈಟರಿಗೆ ಗೊತ್ತಿಲ್ಲದ್ದೇನಲ್ಲ, ಹೊಸಬರಿಗೆ ಪಾಠ ಹೇಳುವವನೇ ಅವನು. ಆದರೆ ಎಚ್ಚರವಾದ ಮುದುಕ ತುಟಿಗಳು ಆಡುವುದನ್ನಷ್ಟೇ ನೋಡುತ್ತ ಮಲಗಿರುವುದು ಕಣ್ಣ ಮುಂದೆ ಬಂತು. ಗೊಂಚಲಿನಿಂದ ಕೀ ಬಿಡಿಸಿ, ಹಿಂದಿನ ಅಂಗಳಕ್ಕೆ ಕರೆದೊಯ್ದು, ಕಾರಿನ ಬಾಗಿಲು ತೆರೆದುಕೊಟ್ಟ. ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಮೇಲಧಿಕಾರಿಗಳ ಕಚೇರಿ, ಬೇಗ ಬಿಡುವವರಲ್ಲ. ಅವನು ವಾಪಸ್ ಬರುವ ಹೊತ್ತಿಗೆ ಅವಳು ಕಾರಿನ ಪಕ್ಕ ನಿಂತು, ಅಂಗೈಯಲ್ಲಿ ಕಿವಿ ಮೆಷಿನ್ ಹಿಡಿದು ತೋರಿಸಿದಳು.

"ಸಿಕ್ತು ಸಾರ್. ನಿಮ್ಮ ಉಪಕಾರ ಮರೆಯಲ್ಲ."

ಇದನ್ನು ಅವನು ಎಲ್ಲೂ ನಮೂದಿಸಲಿಲ್ಲ. ಬದಲಿಗೆ ಆ ದಿನವಿಡೀ ತನ್ನನ್ನು ತಾನೇ ಒಳ್ಳೆಯವನೆಂದುಕೊಂಡು ಹಗುರಾಗಿ ಓಡಾಡಿದ.

ಗುರುವಾರ ಮೋಟಾರು ವಾಹನ ನಿರೀಕ್ಷಕರು ಬಂದು ಕಾರು ಪರೀಕ್ಷಿಸಿದರು. ಸುಟ್ಟಿದ್ದ ಒಂದು ಫ್ಯೂಸ್ ಬದಲಾಯಿಸಿ ಕೀ ತಿರುಗಿಸಿದರು. ಡ್ರೈವರ್ ಬಾಗಿಲಿನ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದರು. ಉಳಿದ ಮೂರು ಗಾಜುಗಳು ಹೇಳಿದಂತೆ ಇಳಿದವು, ಹೇಳಿದಂತೆ ಏರಿದವು. ಲಾಕ್ ಬಟನ್ ಒತ್ತಿದರೆ ಲಾಕ್, ಬಿಟ್ಟರೆ ಬಿಟ್ಟಂತೆ. 'ತಾನಾಗಿಯೇ ಲಾಕ್ ಆಗುವ ಯಾವುದೇ ದೋಷ ಕಂಡುಬಂದಿಲ್ಲ' ಎಂದು ವರದಿ ಬಂತು.

"ಸುಳ್ಳು ಹೇಳ್ತಿದಾನೆ" ಎಂದರು ಮೇಡಂ. ಡ್ರೈವರನನ್ನು ಠಾಣೆಗೆ ಮತ್ತೆ ಕರೆಸಿ, ಅವನ ಎದುರು ವರದಿಯನ್ನು ಗಟ್ಟಿಯಾಗಿ ಓದಿ, "ನಿನ್ನಂಥೋರನ್ನ ಎಷ್ಟು ಜನ ನೋಡಿಲ್ಲ ನಾನು" ಎಂದರು. ಅವನು ಬೆಪ್ಪಾಗಿ ಕೂತಿದ್ದ. ಕಾರು ತನಗೆ ದ್ರೋಹ ಮಾಡಿತೆಂಬಂತೆ ಅಂಗಳದ ಕಡೆ ನೋಡಿದ. ಪ್ರಕರಣಕ್ಕೆ ಕೊಲೆ ಯತ್ನದ ಸೆಕ್ಷನ್ ಸೇರಿತು. ಶುಕ್ರವಾರ ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸಿತು. ವ್ಯಾನು ಹತ್ತುವಾಗ ಅವನು ರೈಟರ್ ಕಡೆ ತಿರುಗಿ ಮೆಲ್ಲಗೆ ಕೇಳಿದ್ದು ಒಂದೇ ಮಾತು.

"ಬಾತುಕೋಳೀನ ಒತ್ತಿ ನೋಡಿದ್ರಾ ಸಾರ್?"

ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ರೈಟರನನ್ನು ಕಾಡಿತು. ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ದೂರುದಾರನ ಹೆಂಡತಿಯ ಹೇಳಿಕೆ ತೆಗೆದುಕೊಳ್ಳಬೇಕಿತ್ತು. ಮೇಷ್ಟ್ರ ಸೊಸೆ ಮಾತು ಶುರು ಮಾಡಿದ್ದೇ ತಪ್ಪೊಪ್ಪಿಗೆಯಿಂದ. ಮಾವನನ್ನು ಡ್ರೈವರನ ಜೊತೆ ಒಬ್ಬರನ್ನೇ ಕಳಿಸಿದ್ದು ತಾನು, ದಾರಿಯಲ್ಲೇ ಔಷಧಿ ತನ್ನಿ ಎಂದದ್ದು ತಾನು, ಎಸಿ ಹಾಕಿಯೇ ಇಡು ಎಂದದ್ದೂ ತಾನು. ರೈಟರಿಗೆ ಬೇಜಾರಾಯಿತು. ಇಷ್ಟು ವರ್ಷ ಮಾಡಿದ್ದನ್ನೂ ಮಾಡಿಲ್ಲ ಎನ್ನುವವರನ್ನೇ ಕಂಡಿದ್ದ. ಈ ಪ್ರಕರಣದಲ್ಲಿ ಮಾತ್ರ ಜನ ಸಾಲುಗಟ್ಟಿ ನಿಂತು ನಂದು ತಪ್ಪು, ನಂದು ತಪ್ಪು ಎನ್ನುತ್ತಿದ್ದರು.

"ಒಂದು ಕೇಳ್ತೀನಮ್ಮ, ನಗಬೇಡಿ. ನಿಮ್ಮ ಕಾರಲ್ಲಿ ಬಾತುಕೋಳಿ ಬಟನ್ ಅಂತ ಏನಾದ್ರೂ ಇದೆಯಾ?"

ಸೊಸೆ ಅಳುವಿನ ನಡುವೆಯೇ ನಕ್ಕಳು. "ನನ್ನ ಮಗಳು ಅಂಟಿಸಿದ್ದು. ಹಳದಿ ಬಾತುಕೋಳಿ ಸ್ಟಿಕ್ಕರ್. ಡ್ರೈವರ್ ಬಾಗಿಲಲ್ಲಿ ಸ್ವಿಚ್ ಪಟ್ಟಿ ಇರುತ್ತಲ್ಲ, ಅದರ ಮೇಲೆ. ತಾತನ ಕಿಟಕಿ ಬಟನ್ ಯಾವುದು ಅಂತ ಡ್ರೈವರಿಗೆ ಮರೀಬಾರದು ಅಂತ. ಕಿತ್ತರೂ ಬರಲ್ಲ, ಹಾಗೆ ಅಂಟಿಸಿದಾಳೆ."

ರೈಟರ್ ಠಾಣೆಗೆ ಬಂದವನೇ ನೇರ ಅಂಗಳಕ್ಕೆ ಹೋಗಿ ಕಾರಿನ ಮುಂದಿನ ಬಾಗಿಲು ತೆಗೆದ. ಸ್ವಿಚ್ ಪಟ್ಟಿ ಕಪ್ಪಗೆ ಹೊಳೆಯುತ್ತಿತ್ತು. ಬಟನ್ನುಗಳ ಮೇಲಿನ ಬಿಳಿ ಗುರುತು ನಿನ್ನೆ ಬಳಿದಂತಿತ್ತು. ಉಳಿದ ಕಾರೆಲ್ಲ ಹತ್ತು ವರ್ಷ ಹಳೆಯದು, ಸ್ಟೀರಿಂಗಿನ ಚರ್ಮ ಸುಲಿದಿತ್ತು. ಬಾತುಕೋಳಿ ಇರಲಿಲ್ಲ, ಅದನ್ನು ಕಿತ್ತ ಗುರುತೂ ಇರಲಿಲ್ಲ.

ಈ ಬಾಗಿಲನ್ನು ಸೋಮವಾರದಿಂದ ಈಚೆಗೆ ವಾಹನ ನಿರೀಕ್ಷಕರನ್ನು ಬಿಟ್ಟರೆ ಒಬ್ಬರಿಗೇ ತೆರೆದುಕೊಟ್ಟದ್ದು, ಅದೂ ತನ್ನ ಕೈಯಾರೆ. ಸ್ವಲ್ಪ ಹೊತ್ತು ಅವನು ಕಾರಿನ ಸೀಟಿನ ಮೇಲೇ ಕೂತ. ಯಾರಿಗೂ ಹೇಳದೆ ಇರಬಹುದು. ಕೇಸು ಮುಗಿದಂತೆಯೇ ಇದೆ, ಬಾತುಕೋಳಿಯ ಮಾತೆತ್ತಿದವನು ಜೈಲಿನಲ್ಲಿದ್ದಾನೆ. ಈ ಯೋಚನೆ ತನಗೆ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಹೇಸಿಗೆಯಾಯಿತು. ಎದ್ದು ಮೇಡಂ ಕೋಣೆಗೆ ಹೋದ.

"ಮೇಡಂ, ಜಪ್ತಿ ಕಾರಿನ ಬಾಗಿಲು ನಾನು ತೆಗೆದುಕೊಟ್ಟಿದ್ದೆ."

"ಯಾರಿಗೆ?"

"ಮೇಷ್ಟ್ರ ಮಗಳಿಗೆ. ಮಂಗಳವಾರ."

"ಜೊತೆಗೆ ಇದ್ರಾ?"

"ಇರಲಿಲ್ಲ."

"ಎಂಟ್ರಿ?"

"ಮಾಡಲಿಲ್ಲ."

ಮೇಡಂ ಕಿರುಚಾಡುತ್ತಾರೆಂದುಕೊಂಡಿದ್ದ. ಕಿರುಚಿದ್ದರೇ ವಾಸಿಯಾಗುತ್ತಿತ್ತು. "ಈಗ ಮಾಡಿ. ಇವತ್ತಿನ ತಾರೀಕಲ್ಲಿ, ಇವತ್ತು ಒಪ್ಕೊಂಡದ್ದು ಅಂತಲೇ ಬರೀರಿ. ನಿಮ್ಮ ಮೇಲೆ ಮೆಮೋ ಬರುತ್ತೆ, ತಡೆಯೋಕೆ ನಾನು ಹೋಗಲ್ಲ" ಎಂದರು. ಆಮೇಲೆ ಕಿಟಕಿಯಾಚೆ ನೋಡುತ್ತ, ತಮಗೇ ಹೇಳಿಕೊಂಡಂತೆ, "ಅವನು ಮೊದಲ ದಿನಾನೇ ಹೇಳಿದ್ದ. ನಾವು ನಕ್ಕುಬಿಟ್ವಿ" ಎಂದರು.

ವಾಹನ ನಿರೀಕ್ಷಕರನ್ನು ಮತ್ತೆ ಕರೆಸಲಾಯಿತು. ಈ ಸಲ ಪಂಚರ ಎದುರು ಸ್ವಿಚ್ ಪಟ್ಟಿಯನ್ನೇ ಎಬ್ಬಿಸಿ ತೆಗೆದರು. ಪಟ್ಟಿ ಹೊಚ್ಚಹೊಸದು. ಅದಕ್ಕೆ ಸಿಕ್ಕಿಸುವ ವೈರಿನ ತುದಿಯಲ್ಲಿ ಮಾತ್ರ ಹಸಿರು ಕಿಲುಬು ಹಿಡಿದಿತ್ತು. ಪಟ್ಟಿಯ ಕೆಳಗಿನ ಕುಳಿಗೆ ಟಾರ್ಚ್ ಬಿಟ್ಟಾಗ ಏನೋ ಬೆಳ್ಳಗೆ ಕಂಡಿತು. ನಿರೀಕ್ಷಕರು ಚಿಮಟಿಗೆಯಿಂದ ಎತ್ತಿ ಕಾಗದದ ಮೇಲಿಟ್ಟರು. ನಾಲ್ಕು ಅಕ್ಕಿಕಾಳು.

"ಇಲ್ಲಿ ಅಕ್ಕಿ ಯಾಕೆ ಬಂತು?" ಮೇಡಂ ಕೇಳಿದರು.

"ಫೋನು ನೀರಿಗೆ ಬಿದ್ರೆ ಮನೇಲಿ ಏನು ಮಾಡ್ತೀರಿ?" ನಿರೀಕ್ಷಕರು ತಿರುಗಿ ಕೇಳಿದರು. "ಹಾಗೇ ಹಳೇ ಪಟ್ಟಿಗೆ ನೀರು ಬಿದ್ದಿದೆ. ಕಿತ್ತು ಅಕ್ಕಿ ಡಬ್ಬಿಗೆ ಹಾಕಿದಾರೆ. ಮೇಲೆ ಒಣಗುತ್ತೆ, ಒಳಗಿನ ತಾಮ್ರದ ಸಂದಿಯ ನೀರು ಎಲ್ಲಿಗೆ ಹೋಗುತ್ತೆ? ಅಕ್ಕಿಯ ಹುಡಿ ಬೇರೆ ಸೇರಿ ಗಂಜಿ ಆಗಿರುತ್ತೆ. ಮೊದಲು ಬ್ಯಾಟರಿ ವೈರ್ ತೆಗೀಬೇಕು, ಪಟ್ಟಿ ಪೂರ್ತಿ ಬಿಚ್ಚಿ, ಸ್ಪಿರಿಟ್ಟಲ್ಲಿ ತೊಳೆದು, ದಿನಗಟ್ಟಲೆ ಒಣಗಿಸ್ಬೇಕು. ಇಲ್ಲ ಹೊಸದು ಹಾಕ್ಬೇಕು. ಒದ್ದೆ ಇರುವಾಗಲೇ ಕರೆಂಟ್ ಹರಿದ್ರೆ ಲಾಕು ತಾನಾಗೇ ಬೀಳುತ್ತೆ, ಕಿಟಕಿ ಮಾತು ಕೇಳಲ್ಲ, ಫ್ಯೂಸ್ ಹೋದ್ರೆ ಇಂಜಿನ್ನೂ ಎಸಿನೂ ನಿಲ್ಲುತ್ತೆ. ಡ್ರೈವರ್ ಹೇಳಿದ್ದು ಅದೇ ತಾನೆ?"

ಅದೇ. ಒಂದಕ್ಷರವೂ ಬದಲಿಲ್ಲ.

ಬಿಡಿಭಾಗಗಳ ಅಂಗಡಿಗಳು ಊರಿನಲ್ಲಿ ಒಂದೇ ಬೀದಿಯಲ್ಲಿದ್ದವು. ಮೂರನೆಯ ಅಂಗಡಿಯವನು ಹೊಸ ಪಟ್ಟಿಯನ್ನು ನೋಡಿದ ಕೂಡಲೇ ತನ್ನದೆಂದ.

"ಮಂಗಳವಾರ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆನೇ ಒಬ್ಬರು ಹೆಂಗಸು ಬಂದು ನಿಂತಿದ್ರು. ಫೋನಲ್ಲಿ ಫೋಟೋ ತೋರಿಸಿದ್ರು. ಹಳೇದರ ಥರಾನೇ ಇರ್ಬೇಕು, ಚೂರೂ ಬೇರೆ ಕಾಣಬಾರದು ಅಂತ ಮತ್ತೆ ಮತ್ತೆ ಹೇಳಿದ್ರು. ಬೆರಳಿಗೆ ಗಾಯದ ಪಟ್ಟಿ ಇತ್ತು. ಫಿಟ್ ಮಾಡೋಕೆ ಹುಡುಗನ್ನ ಕಳಿಸ್ಲಾ ಅಂದೆ. ಬೇಡ, ನನಗೆ ಬರುತ್ತೆ ಅಂದ್ರು."

ಮಧ್ಯಾಹ್ನ ಎರಡು ಗಂಟೆಗೆ ಮೇಡಂ, ರೈಟರ್, ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳು ಆಸ್ಪತ್ರೆ ತಲುಪಿದರು. ಮೇಷ್ಟ್ರಿಗೆ ಬೆಳಿಗ್ಗೆ ಎಚ್ಚರವಾಗಿತ್ತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಗಳು ಅದೇ ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾಲ್ವರನ್ನು ಕಂಡವಳೇ ಎದ್ದು ನಿಂತಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಹಳೇ ಸ್ವಿಚ್ ಪಟ್ಟಿ ಎಲ್ಲಿ?" ಮೇಡಂ ಕೇಳಿದರು.

ಅವಳು ಚೀಲಕ್ಕೆ ಕೈ ಹಾಕಿ ಕರವಸ್ತ್ರದ ಗಂಟೊಂದನ್ನು ತೆಗೆದುಕೊಟ್ಟಳು. ಒಳಗೆ ಸವೆದ ಪಟ್ಟಿ, ಅದರ ಮೇಲೆ ಹಳದಿ ಬಾತುಕೋಳಿ. "ಎಸೆಯೋಕೆ ಅಂತ ಎರಡು ಸಲ ಹೋದೆ. ಕೈ ಬರಲಿಲ್ಲ."

"ನೀರು ಹೇಗೆ ಬಿತ್ತು?"

"ಭಾನುವಾರ ಡ್ರೈವರಿಗೆ ರಜೆ. ಅಪ್ಪ ಮಾರನೇ ದಿನ ಹೊರಗೆ ಹೋಗ್ತಾರಲ್ಲ, ಕಾರು ತೊಳೆಯೋಣ ಅಂತ ಹೋದೆ. ಬಾಗಿಲು ತೆಗೆದು ಧೂಳು ಒರೆಸ್ತಿದ್ದೆ. ನೀರಿನ ಪೈಪು ಕೈ ಜಾರ್ತು. ಸ್ವಿಚ್ ಮೇಲೆಲ್ಲ ನೀರು."

"ಯಾರಿಗೂ ಹೇಳಲಿಲ್ಲ."

"ಇಲ್ಲ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಚಾಕುವಲ್ಲಿ ಎಬ್ಬಿಸಿ ತೆಗೆದೆ. ಅಕ್ಕಿ ಡಬ್ಬೀಲಿ ಹೂತಿಟ್ಟೆ. ಹಬೆ ಹೋಗ್ಲಿ ಅಂತ ಮುಚ್ಚಳ ತೆಗೆದೇ ಇಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಅತ್ತಿಗೆ ಮುಚ್ಚಿಬಿಟ್ಟಿದ್ರು. ಅವರು ಒಳಗೆ ನೋಡಿಲ್ಲ ಸದ್ಯ ಅಂದ್ಕೊಂಡು ಡ್ರೈವರ್ ಬರೋ ಮುಂಚೆ ಹಾಕಿಬಿಟ್ಟೆ. ಎಲ್ಲಾ ಬಟನ್ನೂ ಕೆಲಸ ಮಾಡ್ತು."

"ಆಮೇಲೆ ಹೊಸದು ಯಾಕೆ ಹಾಕಿದ್ರಿ? ಅದರಿಂದ ಒಬ್ಬ ಜೈಲಿಗೆ ಹೋದ, ಗೊತ್ತಾ?"

ಅವಳು ತಲೆ ಅಲ್ಲಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ. "ಹೊಸದು ಹಾಕಿದ್ರೆ ಎಲ್ಲ ಸರಿ ಹೋಗುತ್ತೆ ಅಂದ್ಕೊಂಡೆ. ಯಾವಾಗ್ಲೂ ಹಾಗೇ ಮಾಡೋದು ನಾನು. ಲೋಟ ಒಡೆದ್ರೆ ಅಂಥದ್ದೇ ಲೋಟ ತಂದಿಡ್ತೀನಿ. ಅದು ಡ್ರೈವರನ್ನ ಸುಳ್ಳ ಮಾಡುತ್ತೆ ಅಂತ ಹೊಳೀಲಿಲ್ಲ. ಗೊತ್ತಾದ ಮೇಲೂ..." ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಗೊತ್ತಾದ ಮೇಲೂ ಸುಮ್ಮನೆ ಇದ್ದೆ. ಅದಕ್ಕೆ ಕಾರಣ ಕೊಡೋಕೆ ಆಗಲ್ಲ ಮೇಡಂ."

ಬಂಧನದ ವಿಷಯ ಹತ್ತಿರದ ಸಂಬಂಧಿಗೆ ತಿಳಿಸಬೇಕೆಂಬುದು ನಿಯಮ. ರೈಟರ್ ದೂರುದಾರನನ್ನು ಕರೆದು, ಚುಟುಕಾಗಿ ಹೇಳಿದ. ಅಣ್ಣನಾದವನು ತಂಗಿಯನ್ನು, ಅವಳ ಕೈಯನ್ನು, ಮೇಡಂ ಕೈಯಲ್ಲಿದ್ದ ಬಾತುಕೋಳಿಯನ್ನು ನೋಡಿದ. ಅವನ ಬಾಯಿಂದ ಬಂದದ್ದು ಒಂದೇ ಪದ.

"ಜಾರುಗೈ!"

ಅವಳು ಕೆನ್ನೆಗೆ ಏಟು ಬಿದ್ದವಳಂತೆ ಮುಖ ತಿರುಗಿಸಿದಳು. ಅದು ಆ ಮನೆಯಲ್ಲಿ ಅವಳ ಹೆಸರು. ಐದನೇ ವಯಸ್ಸಿನಲ್ಲಿ ಅಪ್ಪನ ಬಣ್ಣದ ಬಟ್ಟಲು ಬೀಳಿಸಿದಾಗ ಅಪ್ಪನೇ ಮುದ್ದಿನಿಂದ ಇಟ್ಟದ್ದಂತೆ. ಮುದ್ದು ಬೇಗ ಸವೆಯಿತು, ಹೆಸರು ಮಾತ್ರ ಉಳಿಯಿತು. ಅಲ್ಲಿಂದ ಈಚೆಗೆ ಮನೆಯಲ್ಲಿ ಏನು ಒಡೆದರೂ ಮೊದಲು ಅವಳ ಕಡೆಗೇ ನೋಡುತ್ತಿದ್ದರು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ, ಊರಿನ ಅರ್ಧ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ ಕೈಗಳವು. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ನಡುಗುತ್ತಿದ್ದವು. ಮಹಿಳಾ ಕಾನ್‌ಸ್ಟೇಬಲ್‌ಗಳು ಅವಳನ್ನು ಕೆಳಗೆ ಜೀಪಿಗೆ ಕರೆದೊಯ್ದರು. ಹೋಗುವ ಮುನ್ನ ಅವಳು ಚೀಲದಿಂದ ಕಿವಿ ಮೆಷಿನ್ ತೆಗೆದು, ಸೆರಗಿನಲ್ಲಿ ಒರೆಸಿ, ರೈಟರ್ ಕೈಗೆ ಕೊಟ್ಟಳು.

ಮೇಷ್ಟ್ರ ಹೇಳಿಕೆಗೆ ವೈದ್ಯರು ಸ್ವಲ್ಪವೇ ಸಮಯ ಕೊಟ್ಟರು. ಮೇಡಂ ಬಾಗಿಲ ಬಳಿಯೇ ನಿಂತರು. ಜೈಲಿನ ಅಧಿಕಾರಿಗೆ ಫೋನು ಹಚ್ಚುತ್ತಿದ್ದರು, ಡ್ರೈವರನ ಬಿಡುಗಡೆಗೆ ವರದಿ ಕೊಡಲು ತಾವೇ ಬರುವುದಾಗಿ ಹೇಳುತ್ತಿದ್ದರು. ರೈಟರ್ ಮೇಷ್ಟ್ರ ಕಿವಿಗೆ ಮೆಷಿನ್ ಸಿಕ್ಕಿಸಿ, ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡ.

"ಸೋಮವಾರ ಏನಾಯ್ತು ಸಾರ್? ನಿಧಾನವಾಗಿ ಹೇಳಿ."

"ಡ್ರೈವರಿಗೆ ಏನೂ ಮಾಡಬೇಡಿ" ಎಂದರು ಮೇಷ್ಟ್ರು. ದನಿ ಒಣಗಿತ್ತು. "ತಪ್ಪು ನಂದು."

ರೈಟರ್ ಪೆನ್ನು ಎತ್ತಿಕೊಂಡ. ಇನ್ನೊಬ್ಬರು.

"ಅವತ್ತು ಬೆಳಗಿನ ಜಾವ ಅಡುಗೆಮನೆಗೆ ಹೋಗಿದ್ದೆ. ನನಗೆ ಸಿಹಿ ತಿನ್ನಬಾರದು ಅಂದಿದಾರೆ ಡಾಕ್ಟ್ರು. ಸೊಸೆ ಸಕ್ಕರೇನ ಅಕ್ಕಿ ಡಬ್ಬಿ ಹಿಂದೆ ಬಚ್ಚಿಡ್ತಾಳೆ. ದಿನಾ ಒಂದು ಚಮಚ ಕದೀತೀನಿ. ಯಾರಿಗೂ ಗೊತ್ತಿಲ್ಲ." ಮುದುಕರ ಕಣ್ಣಂಚಿನಲ್ಲಿ ಒಂದು ಕಳ್ಳನಗು ಬಂದು ಹೋಯಿತು. "ಅಕ್ಕಿ ಡಬ್ಬಿ ತೆರೆದಿತ್ತು. ಒಳಗೆ ಕಾರಿನ ಸ್ವಿಚ್ಚು. ಬಾತುಕೋಳಿ ಮೂತಿ ಅಕ್ಕಿ ಒಳಗಿಂದ ಇಣುಕ್ತಿ­ತ್ತು. ನಮ್ಮ ಜಾರುಗೈದೇ ಕೆಲಸ ಅಂತ ಗೊತ್ತಾಯ್ತು. ನಗು ಬಂತು. ಸೊಸೆ ಎದ್ದು ಬಂದು ನೋಡಿದ್ರೆ ರಾದ್ಧಾಂತ ಆಗುತ್ತಲ್ಲ, ಅದಕ್ಕೆ ಅಕ್ಕಿ ಮೇಲೆ ಎಳೆದು ಮುಚ್ಚಿ, ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕಿ ಬಂದೆ."

ರೈಟರ್ ಬರೆಯುವುದನ್ನು ನಿಲ್ಲಿಸಿದ್ದ.

"ಕಾರು ಹತ್ತುವಾಗ ಡ್ರೈವರಿಗೆ ಒಂದು ಮಾತು ಹೇಳಬಹುದಿತ್ತು. ಸ್ವಿಚ್ಚಿಗೆ ನೀರು ಬಿದ್ದಿದೆ ಕಣಯ್ಯ, ನೋಡ್ಕೋ ಅಂತ. ಹೇಳಿದ್ರೆ ಅವಳಿಗೆ ಬೈಗುಳ, ನನ್ನ ಸಕ್ಕರೆ ವಿಷಯಾನೂ ಆಚೆ ಬರುತ್ತೆ. ಇಬ್ಬರೂ ಬಚಾವಾಗೋಣ ಅಂತ ಸುಮ್ಮನಾದೆ. ಲಾಕ್ ಟಕ್ ಅಂತ ಬಿದ್ದಾಗಲೇ ಗೊತ್ತಾಗಿಹೋಯ್ತು." ಅವರು ಉಸಿರು ಎಳೆದುಕೊಂಡರು. "ಮುಚ್ಚಳ ಹಾಕಿದ್ದಕ್ಕೇ ಅದು ಒಣಗ್ಲಿಲ್ವೇನೋ. ಅಲ್ವಾ?"

"ಅಕ್ಕಿಯಿಂದ ಒಣಗೋ ವಸ್ತುನೇ ಅಲ್ಲವಂತೆ ಸಾರ್ ಅದು. ಮುಚ್ಚಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ" ಎಂದ ರೈಟರ್. ನಿರೀಕ್ಷಕರು ಮುಚ್ಚಳದ ಬಗ್ಗೆ ಏನೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇನ್ನು ಕೇಳುವುದೂ ಇಲ್ಲವೆಂದು ಆಗಲೇ ತೀರ್ಮಾನಿಸಿದ.

ನಿಯಮದಂತೆ ಹೇಳಿಕೆಯನ್ನು ಓದಿ ಹೇಳಿದ. ಮೇಷ್ಟ್ರು ಸರಿಯೆಂದರು, ಚಿತ್ರ ಬರೆದಂತೆ ರುಜು ಹಾಕಿದರು. ಆಮೇಲೆ ಅವನ ತೋಳು ಹಿಡಿದರು.

"ಅವಳೆಲ್ಲಿ? ಐದು ದಿನದಿಂದ ಬಾಗಿಲಾಚೆ ಕೂತಿದ್ದಳಂತೆ, ನರ್ಸ್ ಬರೆದು ತೋರಿಸಿದ್ರು. ಎಚ್ಚರ ಆದ ಮೇಲೆ ಒಳಗೇ ಬಂದಿಲ್ಲ."

"ಹೊರಗಿದಾರೆ ಸಾರ್" ಎಂದ ರೈಟರ್. ಅದು ಸುಳ್ಳಾಗಿರಲಿಲ್ಲ. ಆದರೂ ಅವನಿಗೆ ಅವರ ಮುಖ ನೋಡಲಾಗಲಿಲ್ಲ.

ಜೀಪು ಮರದ ನೆರಳಿನಲ್ಲಿ ನಿಂತಿತ್ತು. ಅವಳು ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ರೈಟರ್ ಹತ್ತಿರ ಹೋಗಿ ನಿಂತ. ಆರೋಪಿಯ ಜೊತೆ ಅನಗತ್ಯ ಮಾತು ಕೂಡದು, ಅದೂ ಗೊತ್ತು. ಒಂದು ಮೆಮೋ ಹೇಗೂ ಬರುವುದಿತ್ತು.

"ಅಪ್ಪ ಕೇಳಿದ್ರು ನಿಮ್ಮನ್ನ."

ಅವಳು ತಲೆ ಎತ್ತಿದಳು. "ಅವರಿಗೆ ಗೊತ್ತಾಯ್ತಾ?"

"ಮೊದಲೇ ಗೊತ್ತಿತ್ತಂತೆ. ಅಕ್ಕಿ ಡಬ್ಬಿ ಮುಚ್ಚಿದ್ದು ನಿಮ್ಮ ಅತ್ತಿಗೆ ಅಲ್ಲ. ಅವರು."

ಅವಳು ಒಮ್ಮೆ ಆಸ್ಪತ್ರೆಯ ಮೇಲಂತಸ್ತಿನ ಕಿಟಕಿಗಳ ಕಡೆ ನೋಡಿದಳು, ಮತ್ತೆ ರೈಟರ್ ಕಡೆ ನೋಡಿದಳು. ಐದು ದಿನದಿಂದ ಬಿಗಿಹಿಡಿದಿದ್ದ ಮುಖ ಆಗ ಒಡೆಯಿತು.

"ಗೊತ್ತಿದ್ದೂ ಬೈಯಲಿಲ್ವಾ ಅವರು?" ಎಂದು ಕೇಳಿದಳು.